ತಮ್ಮ ಹಾಸಿಗೆಯನ್ನೇ ವೃದ್ಧೆಗೆ ಬಿಟ್ಟುಕೊಟ್ಟ ಜೀನ್ ಜುಗಾನ್

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ನೆರೆಮನೆ ಕೂಗಳತೆಯಲ್ಲಿರುವುದು ಅಪರೂಪ. ಓದಿ ಕೆಲಸ ಹಿಡಿದ ಮಕ್ಕಳು ಬೆಂಗಳೂರು, ಮಂಗಳೂರು, ಹೊರದೇಶಗಳಿಗೆ ತೆರಳಿದ ಮೇಲೆ ಮನೆಯಲ್ಲಿ ಉಳಿಯುವವರು ವೃದ್ಧ ತಂದೆತಾಯಿ ಮಾತ್ರ. ಅವರಲ್ಲಿ ಒಬ್ಬರನ್ನು ಅಲ್ಝೈಮರ್ ಕಾಯಿಲೆ ಹಿಡಿದರೆ ಇನ್ನೊಬ್ಬರ ಬದುಕು ಹಗಲಿರುಳಿನ ಕಾವಲಾಗಿಬಿಡುತ್ತದೆ. ಈ ಬೆಟ್ಟಸೀಮೆಯ ಕ್ರೈಸ್ತ ಕುಟುಂಬಗಳನ್ನು ಕಾಡುವ ಸಂಕಟ ಮತ್ತೂ ಒಂದಿದೆ. ತಂದೆತಾಯಿಯರನ್ನು ಗೌರವಿಸಬೇಕೆಂಬುದು ದಶಾಜ್ಞೆಗಳಲ್ಲಿ ಒಂದು. ಹೀಗಿರುವಾಗ ಅವರ ಆರೈಕೆಗೆ ಪರರ ನೆರವು ಬೇಡುವುದು, ಇಲ್ಲವೇ ಅವರನ್ನು ಆಶ್ರಮಕ್ಕೆ ಒಪ್ಪಿಸುವುದು ವಿಶ್ವಾಸಕ್ಕೆ ಬಗೆದ ದ್ರೋಹವೇ? ಫ್ರಾನ್ಸ್ ದೇಶದ ಮನೆಗೆಲಸದ ಹೆಣ್ಣುಮಗಳೊಬ್ಬರ ಬದುಕು ಈ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ನೀಡುತ್ತದೆ. ಅವರೇ ಬಡವೃದ್ಧರ ಸೇವೆಗೆಂದು 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂವರ್' ಸಂಸ್ಥೆಯನ್ನು ಸ್ಥಾಪಿಸಿದ ಸಂತ ಜೀನ್ ಜುಗಾನ್.

ಕಡಲು ನುಂಗಿದ ತಂದೆ

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ ಕಟ್ಟಿ ಮುಗಿಸಿದ 1792ರಲ್ಲಿಯೇ, ಅಕ್ಟೋಬರ್ 25ರಂದು, ಜೀನ್ ಜುಗಾನ್ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕಾನ್ಕಾಲ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಆರನೆಯವರು. ತಂದೆ ಬೆಸ್ತರು. ಜೀನ್‌ಗೆ ನಾಲ್ಕು ತುಂಬುವ ಮೊದಲೇ ಅವರು ಕಡಲಿಗೆ ಹೋದವರು ಮರಳಲಿಲ್ಲ. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಚರ್ಚುಗಳು ಮುಚ್ಚಿದ್ದವು. ಮಕ್ಕಳು ಧರ್ಮಬೋಧೆಯನ್ನು ಗುಟ್ಟಾಗಿ ಕಲಿಯಬೇಕಾಗಿತ್ತು. ವಿಧವೆ ತಾಯಿಯ ಕಷ್ಟವನ್ನು ಕಂಡು ಬೆಳೆದ ಜೀನ್ ಹದಿನಾರರ ಹರೆಯದಲ್ಲಿ ಶ್ರೀಮಂತರ ಮನೆಯೊಂದರ ಅಡುಗೆಕೋಣೆಯ ಕೆಲಸಕ್ಕೆ ಸೇರಿದರು. ನಾವಿಕನೊಬ್ಬನಿಂದ ಬಂದ ಮದುವೆಯ ಪ್ರಸ್ತಾಪವನ್ನು ನಿರಾಕರಿಸಿದರು.

1817ರಲ್ಲಿ ಅವರು ಸೇಂಟ್ ಸರ್ವಾನ್ ಪಟ್ಟಣಕ್ಕೆ ಬಂದು ಆಸ್ಪತ್ರೆಯೊಂದರಲ್ಲಿ ಆರು ವರ್ಷ ರೋಗಿಗಳ ಶುಶ್ರೂಷೆ ಮಾಡಿದರು. ದಣಿದು ಅಲ್ಲಿಂದ ಹೊರಬಂದ ಮೇಲೆ ಲಕಾಕ್ ಎಂಬ ಭಕ್ತ ಮಹಿಳೆಯ ಮನೆಯಲ್ಲಿ ಸುಮಾರು ಹನ್ನೆರಡು ವರ್ಷ ಸೇವಕಿಯಾಗಿಯೂ ಸಂಗಾತಿಯಾಗಿಯೂ ಇದ್ದರು. 1835ರಲ್ಲಿ ಆ ಮಹಿಳೆ ತೀರಿಕೊಂಡಾಗ ಜೀನ್‌ಗೆ ದೊರೆತದ್ದು ಅಲ್ಪ ಹಣ ಮತ್ತು ಒಂದಿಷ್ಟು ಪೀಠೋಪಕರಣ. ಬಳಿಕ ಅವರು ಮತ್ತಿಬ್ಬರು ಮಹಿಳೆಯರೊಡನೆ ಪುಟ್ಟ ಬಾಡಿಗೆ ಮನೆಯಲ್ಲಿ ನೆಲೆಸಿ, ಕೂಲಿ ಮಾಡಿ ಜೀವನ ಸಾಗಿಸುತ್ತಿದ್ದರು.

1839ರ ಚಳಿಗಾಲ

ಜೀನ್ ಅವರ ಬದುಕಿಗೆ ತಿರುವು ದೊರೆತದ್ದು 47ನೆಯ ವಯಸ್ಸಿನಲ್ಲಿ. ಆನ್ ಶೋವಾಂ ಎಂಬ ಕಣ್ಣು ಕಾಣದ, ಅರೆ ಪಾರ್ಶ್ವವಾಯು ಪೀಡಿತ ವೃದ್ಧೆ ಚಳಿಯಲ್ಲಿ ದಿಕ್ಕಿಲ್ಲದೆ ಇದ್ದುದನ್ನು ಕಂಡ ಅವರು ಆಕೆಯನ್ನು ಎತ್ತಿ ತಂದು ತಮ್ಮ ಹಾಸಿಗೆಯ ಮೇಲೆ ಮಲಗಿಸಿದರು. ತಾವು ಅಟ್ಟಕ್ಕೆ ಏರಿ ಮಲಗತೊಡಗಿದರು. ಕೆಲವೇ ದಿನಗಳಲ್ಲಿ ಮತ್ತೊಬ್ಬ ವೃದ್ಧೆ ಬಂದರು. 1841ರಲ್ಲಿ ಹನ್ನೆರಡು ಮಂದಿಗೆ ಸಾಲುವ ವಿಶಾಲ ಕೊಠಡಿಯನ್ನು ಬಾಡಿಗೆಗೆ ಹಿಡಿದರು. ಮರುವರ್ಷ ಹಳೆಯ ಕನ್ಯಾಮಠವೊಂದನ್ನು ಖರೀದಿಸಿದಾಗ ವೃದ್ಧರ ಸಂಖ್ಯೆ ನಲವತ್ತರ ಸನಿಹ ಬಂದಿತು.

ಇಷ್ಟು ಜನರ ಹೊಟ್ಟೆ ತುಂಬಿಸುವುದು ಹೇಗೆ? ಆಶ್ರಯ ಪಡೆದವರಲ್ಲಿ ಹಲವರು ಅಲ್ಲಿಯವರೆಗೆ ಭಿಕ್ಷೆ ಬೇಡಿ ಬದುಕಿದವರು. ಜೀನ್ ಅವರಿಂದ ದಾನಿಗಳ ಹೆಸರು ಕೇಳಿಕೊಂಡು, ಅವರ ಬದಲಿಗೆ ತಾವೇ ಬುಟ್ಟಿ ಹಿಡಿದು ಮನೆಮನೆಗೆ ಹೊರಟರು. ದುಡಿದು ತಿನ್ನುವುದನ್ನೇ ಮರ್ಯಾದೆಯೆಂದು ನಂಬಿದ್ದ ಅವರಿಗೆ ಇದು ಸುಲಭವಾಗಿರಲಿಲ್ಲ. ಒಮ್ಮೆ ಸಿಟ್ಟಿಗೆದ್ದ ವ್ಯಕ್ತಿಯೊಬ್ಬ ಕೆನ್ನೆಗೆ ಹೊಡೆದಾಗ, ಆ ಏಟು ತಮಗೆ ಸಂದಿತು, ಈಗ ತಮ್ಮ ಬಡವರಿಗೆ ಏನಾದರೂ ಕೊಡಬೇಕು ಎಂದು ಶಾಂತವಾಗಿ ಕೇಳಿದರೆಂಬ ಕಥೆ ಪ್ರಚಲಿತವಾಗಿದೆ. ಮುಂದೆ ದೊಡ್ಡ ನಗರಗಳಲ್ಲಿ ಸೋದರಿಯರು ಹೋಟೆಲುಗಳಿಂದ ಉಳಿದ ಆಹಾರವನ್ನಷ್ಟೇ ಅಲ್ಲ, ಒಮ್ಮೆ ಡಿಕಾಕ್ಷನ್ ತೆಗೆದ ಕಾಫಿಪುಡಿಯನ್ನೂ ಬೇಡಿ ತಂದು ವೃದ್ಧರಿಗೆ ಬಿಸಿ ಕಾಫಿ ಕಾಸಿ ಕೊಡುತ್ತಿದ್ದರು. ಫ್ರೆಂಚ್ ಅಕಾಡೆಮಿ 1845ರಲ್ಲಿ ಜೀನ್ ಅವರಿಗೆ ಮೊಂತ್ಯೊ ಪ್ರಶಸ್ತಿಯನ್ನೂ 3,000 ಫ್ರಾಂಕ್ ನಗದನ್ನೂ ನೀಡಿ ಗೌರವಿಸಿತು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರ ಪತ್ರಿಕೆ 1852ರಲ್ಲಿ ಪ್ಯಾರಿಸ್ಸಿನ ಆಶ್ರಮವನ್ನು ಕುರಿತು ಲೇಖನ ಪ್ರಕಟಿಸಿತು.

ಸಂಸ್ಥೆಯೇ ಮರೆತ ಸಂಸ್ಥಾಪಕಿ

ಹೊರಗೆ ಹೆಸರು ಹಬ್ಬುತ್ತಿದ್ದಾಗ ಒಳಗೆ ನಡೆದದ್ದು ಬೇರೆ. 1843ರ ಡಿಸೆಂಬರಿನಲ್ಲಿ ಸೋದರಿಯರು ಜೀನ್ ಅವರನ್ನು ಮತ್ತೊಮ್ಮೆ ಹಿರಿಯರನ್ನಾಗಿ ಆರಿಸಿದರು. ಸಂಸ್ಥೆಯ ಮಾರ್ಗದರ್ಶಕರಾಗಿದ್ದ ಪಾದ್ರಿ ಲ ಪಯ್ಯರ್ ಕೆಲವೇ ದಿನಗಳಲ್ಲಿ ಆ ಆಯ್ಕೆಯನ್ನು ರದ್ದುಗೊಳಿಸಿ, 23 ವರ್ಷದ ಮರೀ ಜಾಮೆ ಅವರನ್ನು ಆ ಸ್ಥಾನದಲ್ಲಿ ಕೂರಿಸಿದರು. ಜೀನ್ ಪ್ರತಿಭಟಿಸದೆ ಬುಟ್ಟಿ ಹಿಡಿದು ಮತ್ತೆ ಊರೂರು ತಿರುಗಿದರು. ರೆನ್, ದಿನಾನ್ ಮೊದಲಾದ ಪಟ್ಟಣಗಳಲ್ಲಿ ಆಶ್ರಮಗಳು ತೆರೆದವು. 1852ರಲ್ಲಿ ಆ ಓಡಾಟಕ್ಕೂ ತೆರೆಬಿದ್ದಿತು. ಮಾತೃಮಠಕ್ಕೆ ಕರೆಸಿಕೊಂಡು ಅವರನ್ನು ಎಲ್ಲ ಜವಾಬ್ದಾರಿಗಳಿಂದ ದೂರವಿಡಲಾಯಿತು. ನಂತರದ 27 ವರ್ಷಗಳನ್ನು ಅವರು ಸಿಸ್ಟರ್ ಮೇರಿ ಆಫ್ ದಿ ಕ್ರಾಸ್ ಎಂಬ ಹೆಸರಿನಲ್ಲಿ ಕಿರಿಯ ಸೋದರಿಯರ ನಡುವೆ ಅನಾಮಿಕರಾಗಿ ಕಳೆದರು. ಈ ಮುದುಕಿಯೇ ಸಂಸ್ಥಾಪಕಿ ಎಂಬುದು ಆ ಹುಡುಗಿಯರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಸ್ಥಾಪನೆಯ ಕೀರ್ತಿಯನ್ನು ಪಾದ್ರಿಯೇ ತಮ್ಮದಾಗಿಸಿಕೊಂಡಿದ್ದರು.

1879ರ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ, ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡಿದ್ದ ಜೀನ್ ಜುಗಾನ್ ಸೇಂಟ್ ಪೆರ್ನ್‌ನಲ್ಲಿ ನಿಧನರಾದರು. ಆ ವೇಳೆಗೆ ಸಂಸ್ಥೆಯಲ್ಲಿ ಸುಮಾರು 2,400 ಸೋದರಿಯರಿದ್ದರು. 1890ರಲ್ಲಿ ವ್ಯಾಟಿಕನ್ ನಡೆಸಿದ ವಿಚಾರಣೆಯ ನಂತರ ಪಾದ್ರಿ ಅಧಿಕಾರ ಕಳೆದುಕೊಂಡರು. ಮುಚ್ಚಿಹೋಗಿದ್ದ ಸತ್ಯ ಮೆಲ್ಲಮೆಲ್ಲನೆ ಬೆಳಕಿಗೆ ಬಂದಿತು. 1982ರಲ್ಲಿ ಪುನೀತ ಪದವಿ, 2009ರ ಅಕ್ಟೋಬರ್ 11ರಂದು ಸಂತ ಪದವಿ ಅವರಿಗೆ ಸಂದವು.

ಕನ್ನಡ ನಾಡಿನ ನಂಟು

ಸೋದರಿಯರು 1882ರಲ್ಲಿ ಕೋಲ್ಕತ್ತಕ್ಕೆ, 1900ರಲ್ಲಿ ಬೆಂಗಳೂರಿಗೆ ಬಂದರು. ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮ ನೆಲೆಯೂರಿತು. ಬಡವರಾದ ವೃದ್ಧರನ್ನು ಜಾತಿಮತ ನೋಡದೆ ಸೇರಿಸಿಕೊಳ್ಳುವುದು ಸಂಸ್ಥೆಯ ನಿಯಮ. ಕನ್ಯಾಮಠಗಳ ಮೂರು ವ್ರತಗಳ ಜೊತೆಗೆ ಇಲ್ಲಿನ ಸೋದರಿಯರು ಆತಿಥ್ಯವೆಂಬ ನಾಲ್ಕನೆಯ ವ್ರತವನ್ನೂ ಸ್ವೀಕರಿಸುತ್ತಾರೆ. ಆಗ ಬೆಂಗಳೂರೂ ಹಾಸನ ಸೀಮೆಯೂ ಫ್ರೆಂಚ್ ಮಿಷನರಿಗಳು ನಡೆಸುತ್ತಿದ್ದ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದವು. ಹೇಮಾವತಿಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚಿನ ಅವಶೇಷ ಆ ಮಿಷನರಿಗಳ ಕಾಲದ ಗುರುತು. 1963ರಿಂದ ಹಾಸನ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿದೆ.

ಜೀನ್ ಜುಗಾನ್ ಕಾಲದಲ್ಲಿ ಅಲ್ಝೈಮರ್ ಎಂಬ ಹೆಸರೇ ಇರಲಿಲ್ಲ. ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ ಆ ಕಾಯಿಲೆಯನ್ನು ವಿವರಿಸಿದ್ದು 1906ರಲ್ಲಿ. ನಮ್ಮಲ್ಲಿಯೂ ಅರವತ್ತಕ್ಕೆ ಅರಳು ಮರಳು ಎಂದು ಹೇಳಿ ಸುಮ್ಮನಾಗುವುದೇ ರೂಢಿಯಾಗಿತ್ತು. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ನಗರಗಳಿಗಿಂತ ಹಳ್ಳಿಗಳಲ್ಲಿ ಅದರ ಪ್ರಮಾಣ ಹೆಚ್ಚು. 2007ರ ಕಾಯಿದೆಯ ಪ್ರಕಾರ ಹಿರಿಯರು ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಸಲ್ಲಿಸಬಹುದು. ಆದರೆ ಕಾಯಿದೆ ಹಣ ಕೊಡಿಸೀತೇ ಹೊರತು ರಾತ್ರಿಯ ಕಾವಲಿಗೆ ಜನ ಕೊಡಿಸಲಾರದು.

ಜೀನ್ ಅವರ ಬದುಕು ಮುಖ್ಯವಾಗುವುದು ಇಲ್ಲಿಯೇ. ವೃದ್ಧೆಗೆ ತಮ್ಮ ಹಾಸಿಗೆಯನ್ನು ಬಿಟ್ಟುಕೊಟ್ಟದ್ದು ಅವರ ವಿಶ್ವಾಸದ ಒಂದು ಮುಖವಾದರೆ, ಆ ಭಾರವನ್ನು ಒಬ್ಬಂಟಿಯಾಗಿ ಹೊರಲಾರೆನೆಂದು ಊರಿನ ಬಾಗಿಲು ತಟ್ಟಿದ್ದು ಇನ್ನೊಂದು ಮುಖ. ಮೊದಲನೆಯದನ್ನು ಮೆಚ್ಚುವ ನಾವು ಎರಡನೆಯದನ್ನು ಮರೆಯುತ್ತೇವೆ. ಹೆತ್ತವರ ಆರೈಕೆಯಲ್ಲಿ ಬಳಲಿದ ಮಗಳೋ ಸೊಸೆಯೋ ನೆರೆಯವರನ್ನು, ಚರ್ಚನ್ನು, ಆಸ್ಪತ್ರೆಯನ್ನು, ಕೊನೆಗೆ ಆಶ್ರಮವನ್ನು ನೆರವಿಗೆ ಕರೆದರೆ ದಶಾಜ್ಞೆಗೆ ಭಂಗ ಬರುವುದಿಲ್ಲ. ಕರೆದಾಗ ಬಾಗಿಲು ತೆರೆಯದ ಊರು ಮಾತ್ರ ತನ್ನನ್ನು ತಾನು ಪ್ರಶ್ನಿಸಿಕೊಳ್ಳಬೇಕು. ತಮ್ಮ ಸಂಸ್ಥೆಯೇ ಗುರುತಿಸದೆ ಹೋದ 27 ವರ್ಷಗಳಲ್ಲಿಯೂ ಜೀನ್ ಅವರ ಘನತೆ ಕುಂದಲಿಲ್ಲ. ತಮ್ಮ ಹೆಸರನ್ನೇ ಮರೆತ ತಾಯಿತಂದೆಯರ ಘನತೆಯೂ ಹಾಗೆಯೇ. ಅದು ಅವರ ನೆನಪನ್ನು ಅವಲಂಬಿಸಿಲ್ಲ.