ತಹಶೀಲ್ದಾರನಾಗಿದ್ದವನು ಬಂಡೆದ್ದ ಕಥೆ: ಮುಂಡರಗಿ ಭೀಮರಾಯ

ಹತ್ತನೇ ಕ್ಲಾಸಿನಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದು ನಮ್ಮಲ್ಲಿ ತುಂಬಾ ಜನಕ್ಕೆ ನೆನಪಿರುತ್ತೆ. ಮಾರ್ಕ್ಸಿಗೋಸ್ಕರ ಬಾಯಿಪಾಠ ಮಾಡಿದ್ವಿ, ಪರೀಕ್ಷೆ ಮುಗಿದ ಮೇಲೆ ಮರೆತ್ವಿ. ಆ ಲಾವಣಿಯಲ್ಲಿ ಬರುವ ಆಯುಧದ ಕಾಯ್ದೆ ಹಲಗಲಿಗೇ ನಿಲ್ಲಲಿಲ್ಲ. ಆರು ತಿಂಗಳ ನಂತರ ಅದು ನಮ್ಮ ಡಂಬಳ, ಹಮ್ಮಿಗಿ, ಮುಂಡರಗಿ ಕಡೆಗೂ ಬಂತು. ಅಲ್ಲಿ ಅದಕ್ಕೆ ಎದುರು ನಿಂತವನು ಭೀಮರಾಯ ನಾಡಗೀರ. ನಾವೆಲ್ಲ ಮುಂಡರಗಿ ಭೀಮರಾಯ ಅಂತ ಕರೆಯುವವನು.

ಇವನ ಕಥೆ ನನಗೆ ಕುತೂಹಲ ಹುಟ್ಟಿಸಿದ್ದು ಒಂದೇ ಕಾರಣಕ್ಕೆ. ಬ್ರಿಟಿಷರ ವಿರುದ್ಧ ಕತ್ತಿ ಹಿಡಿದವರು ಅಂದ ತಕ್ಷಣ ನಮಗೆ ಅರಸರು, ಸೈನಿಕರು ನೆನಪಾಗ್ತಾರೆ. ಭೀಮರಾಯ ಅವರ ಸರ್ಕಾರದಲ್ಲೇ ಕೆಲಸ ಮಾಡಿದವನು. ಇಂಗ್ಲಿಷ್ ಬಲ್ಲವನು. ಬಳ್ಳಾರಿ ಸೀಮೆಯಲ್ಲಿ ತಹಶೀಲ್ದಾರನಾಗಿದ್ದ. ಕಾನೂನು ಹೇಗೆ ನಡೆಯುತ್ತೆ ಅನ್ನೋದನ್ನು ಒಳಗಿನಿಂದ ನೋಡಿದ ಮನುಷ್ಯ. ಅಂಥವನು ಅರ್ಜಿ ಬರೆಯೋದು ಬಿಟ್ಟು ಕೋಟೆ ಹತ್ತಿದ್ದು ಯಾಕೆ?

ಉತ್ತರ ಸಿಗಬೇಕಾದರೆ ಮೊದಲು ಆಗಿನ ಮ್ಯಾಪ್ ನೋಡಬೇಕು. ಇವತ್ತು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ಒಂದೇ ಜಿಲ್ಲೆ. ಅದೂ 1997ರಿಂದ ಈಚೆಗೆ. 1850ರ ಹೊತ್ತಿಗೆ ಹಾಗಿರಲಿಲ್ಲ. ಗದಗ, ಡಂಬಳ, ಮುಂಡರಗಿ ಮುಂಬಯಿ ಪ್ರೆಸಿಡೆನ್ಸಿಯ ಧಾರವಾಡ ಕಲೆಕ್ಟರ ಕೈಯಲ್ಲಿ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಕ್ಕೆ ಸೇರಿದ್ದವು. ಪೂರ್ವಕ್ಕೆ ಕೊಪ್ಪಳ ಹೈದರಾಬಾದ್ ನಿಜಾಮರ ರಾಜ್ಯ. ತುಂಗಭದ್ರೆ ದಾಟಿದರೆ ಬಳ್ಳಾರಿ, ಅದು ಮದ್ರಾಸ್ ಪ್ರೆಸಿಡೆನ್ಸಿ. ಒಂದೆರಡು ದಿನ ನಡೆದರೆ ಐದು ಆಡಳಿತ ಬದಲಾಗ್ತಿದ್ದವು. ಕಂದಾಯದ ಲೆಕ್ಕ ಬೇರೆ, ಕೋರ್ಟು ಬೇರೆ, ಅಧಿಕಾರಿಯ ಹೆಸರೂ ಬೇರೆ. ಮದ್ರಾಸ್ ಕಡೆ ತಹಶೀಲ್ದಾರ ಅನ್ನುವ ಹುದ್ದೆಗೆ ಮುಂಬಯಿ ಕಡೆ ಮಾಮಲೇದಾರ ಅಂತಿದ್ರು.

ಭೀಮರಾಯನ ಮನೆತನದ್ದು ನಾಡಗೀರಕಿ. ಅಂದರೆ ನಾಡಿನ ಕಂದಾಯದ ಲೆಕ್ಕ, ವಸೂಲಿ ನೋಡಿಕೊಳ್ಳುವ ವಂಶಪಾರಂಪರ್ಯದ ಹುದ್ದೆ, ಅದಕ್ಕೆ ಪ್ರತಿಯಾಗಿ ಇನಾಮು ಜಮೀನು. ಇಂಥ ಹಳೆಯ ಮನೆತನಗಳನ್ನು ಕಂಪನಿ ಸರ್ಕಾರ ಮೊದಲು ಬಳಸಿಕೊಂಡಿತು, ಆಮೇಲೆ ಅನುಮಾನದಿಂದ ನೋಡಿತು. ಓದಿದ್ದ ಭೀಮರಾಯ ಹೊಸ ಸರ್ಕಾರದ ನೌಕರಿ ಹಿಡಿದ. ತಹಶೀಲ್ದಾರನ ಕೆಲಸ ಕಡಿಮೆ ಏನಲ್ಲ. ಕಂದಾಯ, ಖಜಾನೆ ಎಲ್ಲಾ ಅವನ ಕೈಕೆಳಗೆ. ಆದರೆ ಅವನ ತಲೆಯ ಮೇಲೆ ಕಲೆಕ್ಟರ್, ಕಲೆಕ್ಟರ್ ಯಾವಾಗಲೂ ಇಂಗ್ಲಿಷಿನವನೇ. 1855ರಲ್ಲಿ ಆ ಮೇಲಿನ ಹುದ್ದೆಗಳಿಗೆ ಮುಕ್ತ ಪರೀಕ್ಷೆ ಶುರುವಾಯ್ತು. ಕಾಗದದ ಮೇಲೆ ಭಾರತೀಯರೂ ಬರೆಯಬಹುದಿತ್ತು. ಪರೀಕ್ಷಾ ಕೇಂದ್ರ ಮಾತ್ರ ಲಂಡನ್ನು! ಮೊದಲ ಭಾರತೀಯ ಪಾಸಾಗಿದ್ದು 1863ರಲ್ಲಿ.

ಮೇಲಿನವರ ಜೊತೆ ಸರಿಹೋಗದೆ ಭೀಮರಾಯನ ನೌಕರಿ ಹೋಯಿತು. ಅವನು ಮುಂಡರಗಿಗೆ ವಾಪಸ್ ಬಂದ. ಇವತ್ತು ಒಬ್ಬ ತಹಶೀಲ್ದಾರರನ್ನು ತೆಗೆಯಬೇಕಾದರೆ ಸಂವಿಧಾನದ 311ನೇ ವಿಧಿಯ ಪ್ರಕಾರ ಆರೋಪ ತಿಳಿಸಬೇಕು, ವಿಚಾರಣೆ ಮಾಡಬೇಕು, ಅವರ ಮಾತು ಕೇಳಬೇಕು. ಅನ್ಯಾಯ ಆಯ್ತು ಅನ್ನಿಸಿದರೆ ಆಡಳಿತ ನ್ಯಾಯಮಂಡಳಿ ಇದೆ, ಅದರ ಮೇಲೆ ಹೈಕೋರ್ಟ್ ಇದೆ. ಭೀಮರಾಯನಿಗೆ ಇದ್ದದ್ದು ಒಂದೇ ದಾರಿ: ತೆಗೆದವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಸಾಹೇಬನಿಗೆ ಅರ್ಜಿ ಹಾಕೋದು.

ಅವನು ಊರಿಗೆ ಬಂದ ಹೊತ್ತಿಗೆ ಸುತ್ತಮುತ್ತ ಅಸಮಾಧಾನ ಕುದಿಯುತ್ತಿತ್ತು. ಅದಕ್ಕೆ ಮೂರು ಕಾನೂನು ಕಾರಣ.

ಮೊದಲನೆಯದು ಇನಾಮು. 1852ರ 11ನೇ ಕಾಯ್ದೆ ಇನಾಮ್ ಕಮಿಷನ್ನಿಗೆ ಅಧಿಕಾರ ಕೊಟ್ಟಿತು. ನಿಮ್ಮ ಜಮೀನು ಇನಾಮೇ ಅನ್ನೋದಕ್ಕೆ ಸನದು ತೋರಿಸಿ, ಇಲ್ಲಾಂದ್ರೆ ಸರ್ಕಾರಕ್ಕೆ ಕಂದಾಯ ಕಟ್ಟಿ ಅನ್ನುವುದು ಅದರ ಸಾರ. ತಲೆಮಾರುಗಳಿಂದ ಉಳುತ್ತಾ ಬಂದವರ ಹತ್ತಿರ ಪೇಶ್ವೆ ಕಾಲದ ಅಥವಾ ಅದಕ್ಕೂ ಹಿಂದಿನ ಕಾಗದ ಎಲ್ಲಿರುತ್ತೆ? ಗೆದ್ದಲು ತಿಂದಿರುತ್ತೆ, ಲೂಟಿಯಲ್ಲಿ ಹೋಗಿರುತ್ತೆ. ಅಲ್ಲಿ ತೀರ್ಪು ಕೊಡುವವರು ಸಾಮಾನ್ಯ ಕೋರ್ಟಿನ ಜಡ್ಜ್ ಅಲ್ಲ, ಕಮಿಷನ್ನಿನ ಅಧಿಕಾರಿಗಳೇ. ಜಮೀನು ಹೋದರೆ ಲಾಭ ಯಾರಿಗೋ ಅವರೇ ತೀರ್ಪುಗಾರರು.

ಎರಡನೆಯದು ದತ್ತಕ. ಮಕ್ಕಳಿಲ್ಲದ ಸಂಸ್ಥಾನಿಕರು ದತ್ತು ತಗೋಬೇಕಾದರೆ ಕಂಪನಿಯ ಒಪ್ಪಿಗೆ ಬೇಕು. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ದತ್ತಕಕ್ಕೆ ಕೇಳಿದ, ಒಪ್ಪಿಗೆ ಸಿಗಲಿಲ್ಲ.

ಮೂರನೆಯದು ಆಯುಧ. 1857ರ ಸೆಪ್ಟೆಂಬರಿನಲ್ಲಿ 28ನೇ ಕಾಯ್ದೆ ಬಂತು. ಸರ್ಕಾರ ಯಾವ ಸೀಮೆಗೆ ಇದು ಅನ್ವಯ ಅನ್ನುತ್ತೋ ಅಲ್ಲಿ ಪರವಾನಗಿ ಇಲ್ಲದೆ ಬಂದೂಕು, ಕತ್ತಿ ಇಟ್ಟುಕೊಳ್ಳುವಂತಿಲ್ಲ. ಹುಲಿ, ಚಿರತೆ, ಡಕಾಯಿತರು ಇದ್ದ ಕಾಲ ಅದು. ಬೇಟೆಯೇ ಬದುಕಾಗಿದ್ದ ಹಲಗಲಿಯ ಬೇಡರು ಆಗುವುದಿಲ್ಲ ಅಂದರು. ನವೆಂಬರ್ ಕೊನೆಯಲ್ಲಿ ಅವರ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಹಲವರು ಗಲ್ಲಿಗೇರಿದರು.

ಈ ಕಾಯ್ದೆಗಳನ್ನು ಮಾಡಿದ್ದು ಯಾರು? ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ಲನ ಶಾಸನ ಮಂಡಳಿ. ಅದರಲ್ಲಿ ಒಬ್ಬನೇ ಒಬ್ಬ ಭಾರತೀಯನೂ ಇರಲಿಲ್ಲ. ಮೊದಲ ಭಾರತೀಯರು ನಾಮಕರಣಗೊಂಡಿದ್ದು 1862ರಲ್ಲಿ. ಅದರ ಮೇಲೆ ಲಂಡನ್ನಿನ ಕಂಪನಿ ಡೈರೆಕ್ಟರುಗಳು, ಅವರ ಮೇಲೆ ಪಾರ್ಲಿಮೆಂಟು. ಅಲ್ಲಿಗೂ ಹೋಗಿ ನೋಡಿದವರಿದ್ದರು. ಸಾತಾರದ ರಾಜನ ವಕೀಲ ರಂಗೋ ಬಾಪೂಜಿ 1840ರಿಂದ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಲಂಡನ್ನಿನಲ್ಲಿದ್ದು ಬಾಗಿಲು ಬಾಗಿಲು ತಟ್ಟಿ ಬರಿಗೈಲಿ ವಾಪಸ್ ಬಂದಿದ್ದ. ಇನ್ನೊಂದು ವಿಚಿತ್ರ ನೋಡಿ: ಅದೇ ಇಂಗ್ಲೆಂಡಿನ 1689ರ ಹಕ್ಕುಗಳ ಮಸೂದೆಯಲ್ಲಿ, ಪ್ರೊಟೆಸ್ಟಂಟ್ ಪ್ರಜೆಗಳು ಕಾನೂನಿನ ಮಿತಿಯಲ್ಲಿ ಆತ್ಮರಕ್ಷಣೆಗೆ ಆಯುಧ ಇಟ್ಟುಕೊಳ್ಳಬಹುದು ಅಂತ ಬರೆದಿದೆ. ಅಲ್ಲಿ ಹಕ್ಕು, ಇಲ್ಲಿ ಅಪರಾಧ.

ಭೀಮರಾಯ ನರಗುಂದದ ಬಾಬಾಸಾಹೇಬ ಮತ್ತು ಹಮ್ಮಿಗಿಯ ದೇಸಾಯಿ ಕೆಂಚನಗೌಡನ ಜೊತೆ ಸೇರಿದ. ತುಂಗಭದ್ರೆಯ ದಂಡೆಯ ಹಮ್ಮಿಗಿ ನಮಗೆ ಈಗ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜಿನಿಂದ ಗೊತ್ತು. ಸಿವಿಲ್‌ನವರಿಗಂತೂ ಹೇಳೋದೇ ಬೇಡ. ಆಗ ಅಲ್ಲಿ ಕೆಂಚನಗೌಡನ ವಾಡೆಯಲ್ಲಿ ಆಯುಧ ಕೂಡಿಟ್ಟಿದ್ದರು. ಸುದ್ದಿ ಹೊರಬಿತ್ತು. ಅಧಿಕಾರಿಗಳು ಬಂದು ಆಯುಧಗಳಿಗೆ ಮುದ್ರೆ ಹಾಕಿ ಕಾವಲಿಟ್ಟರು.

1858ರ ಮೇ ಕೊನೆಯ ವಾರ. ಭೀಮರಾಯ ತನ್ನ ಜನರೊಂದಿಗೆ ಹಮ್ಮಿಗಿಗೆ ಬಂದು ಮುದ್ರೆ ಒಡೆದ, ಆಯುಧ ಬಿಡಿಸಿಕೊಂಡ. ನಂತರ ಡಂಬಳದ ಖಜಾನೆಗೆ ನುಗ್ಗಿದ. ಖಜಾನೆ ಕಾಯುವುದೇ ಕೆಲಸವಾಗಿದ್ದ ಮಾಜಿ ತಹಶೀಲ್ದಾರ ಖಜಾನೆ ಒಡೆದ. ಕಂದಾಯದ ಹಣವೇ ಆ ಸರ್ಕಾರದ ಜೀವ ಅನ್ನೋದು ಅವನಿಗೆ ಗೊತ್ತಿತ್ತು. ಅಲ್ಲಿಂದ ನೇರ ಕೊಪ್ಪಳಕ್ಕೆ ಹೋಗಿ ಕೋಟೆ ಹಿಡಿದ.

ಕೊಪ್ಪಳ ಯಾಕೆ? ಕೋಟೆ ಗಟ್ಟಿ ಅನ್ನೋದು ಒಂದು ಕಾರಣ. ಟಿಪ್ಪು 1786ರಲ್ಲಿ ಅದನ್ನು ಹಿಡಿದು ಫ್ರೆಂಚ್ ಎಂಜಿನಿಯರುಗಳ ಸಹಾಯದಿಂದ ಮತ್ತೆ ಕಟ್ಟಿಸಿದ್ದ. 1790ರಲ್ಲಿ ಬ್ರಿಟಿಷರು, ನಿಜಾಮರು ಸೇರಿ ಮುತ್ತಿದಾಗ ಅದು ತಿಂಗಳುಗಟ್ಟಲೆ ಜಗ್ಗಲಿಲ್ಲ. ಇನ್ನೊಂದು ಕಾರಣ ಇದು ಅಂತ ನನಗನ್ನಿಸುತ್ತೆ: ಅದು ನಿಜಾಮರ ನೆಲ. ಧಾರವಾಡ ಕಲೆಕ್ಟರನ ವಾರಂಟ್ ಅಲ್ಲಿ ನಡೆಯುವುದಿಲ್ಲ. ಆದರೆ ಮ್ಯಾಪಿನ ಗೆರೆ ಕಾಗದಕ್ಕೆ ಅಡ್ಡ ಬರುತ್ತೆ, ತೋಪಿಗಲ್ಲ. ಬಳ್ಳಾರಿಯಿಂದ ಮೇಜರ್ ಹ್ಯೂಸ್‌ನ ಪಡೆ ಬಂತು. ಜೂನ್ 1ರಂದು ಕೋಟೆ ಬಿತ್ತು. ಭೀಮರಾಯ, ಕೆಂಚನಗೌಡ ಇಬ್ಬರೂ ಹೋರಾಡುತ್ತಾ ಅಲ್ಲೇ ಸತ್ತರು.

ಅದೇ ದಿನಗಳಲ್ಲಿ ನರಗುಂದದಲ್ಲೂ ಬೆಂಕಿ ಹೊತ್ತಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ಕಡೆಯವರು ಕೊಂದಿದ್ದರು. ಜೂನ್ ಆರಂಭದಲ್ಲಿ ನರಗುಂದ ಬಿತ್ತು, ಬಾಬಾಸಾಹೇಬ ಸಿಕ್ಕಿಬಿದ್ದ. ಬೆಳಗಾವಿಯಲ್ಲಿ ವಿಚಾರಣೆ, ಜೂನ್ 12ಕ್ಕೆ ಗಲ್ಲು. ಹಿಡಿದು ಎರಡು ವಾರವೂ ಆಗಿರಲಿಲ್ಲ. 1857ರಲ್ಲಿ ಅವಸರವಾಗಿ ಮಾಡಿದ ಕಾಯ್ದೆಗಳು ಇಂಥ ಕೇಸುಗಳಿಗೆ ವಿಶೇಷ ಕಮಿಷನ್ನುಗಳನ್ನು ಕೊಟ್ಟಿದ್ದವು. ಅವುಗಳ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಭೀಮರಾಯ ಜೀವಂತ ಸಿಕ್ಕಿದ್ದರೆ ಅವನಿಗೂ ಇದೇ ಆಗುತ್ತಿತ್ತು.

ಮುಂದೆ ಆಗಿದ್ದನ್ನು ಸ್ವಲ್ಪ ನಿಧಾನವಾಗಿ ಓದಿ. ಅವನು ಸತ್ತ ಎರಡೇ ತಿಂಗಳಿಗೆ, 1858ರ ಆಗಸ್ಟ್ 2ರಂದು, ಬ್ರಿಟಿಷ್ ಪಾರ್ಲಿಮೆಂಟು ಕಂಪನಿ ಆಡಳಿತವನ್ನೇ ಕೊನೆ ಮಾಡಿತು. ನವೆಂಬರ್ 1ರ ರಾಣಿಯ ಘೋಷಣೆ ಸಂಸ್ಥಾನಿಕರ ಹಕ್ಕುಗಳನ್ನು ಗೌರವಿಸುವ ಮಾತು ಕೊಟ್ಟಿತು. 1862ರಲ್ಲಿ ದತ್ತಕದ ಸನದುಗಳು ಬಂದವು. 1863ರ ಕಾಯ್ದೆಗಳು ಇನಾಮು ತನಿಖೆಯನ್ನು ಬಿಟ್ಟು, ಸ್ವಲ್ಪ ಹಣ ಕಟ್ಟಿದರೆ ಜಮೀನು ನಿಮ್ಮದೇ ಅನ್ನುವ ರಾಜಿಗೆ ಬಂದವು. ದಂಡ ಸಂಹಿತೆ, ಹೈಕೋರ್ಟು ಎರಡೂ ಬಂದದ್ದು 1862ರಲ್ಲೇ. ಅಂದ್ರೆ ಮೂರರಲ್ಲಿ ಎರಡು ಕಾನೂನನ್ನು ಐದೇ ವರ್ಷದಲ್ಲಿ ಅವರೇ ಹಿಂತೆಗೆದರು. ತಪ್ಪಾಯ್ತು ಅಂತ ಮಾತ್ರ ಎಲ್ಲೂ ಬರೆಯಲಿಲ್ಲ. ಆಯುಧದ ಕಾಯ್ದೆ ಉಳಿಯಿತು, 1878ರಲ್ಲಿ ಇನ್ನೂ ಬಿಗಿಯಾಯ್ತು. 1861ರಲ್ಲಿ ಕೊಡವರಿಗೆ ಮಾತ್ರ ವಿನಾಯಿತಿ ಸಿಕ್ಕಿತ್ತು, ಅವರು ಸರ್ಕಾರಕ್ಕೆ ನಿಷ್ಠರು ಅಂತ. ಒಂದೇ ಕೋವಿ ಕೊಡಗಿನಲ್ಲಿ ಗೌರವ, ಹಲಗಲಿಯಲ್ಲಿ ಗಲ್ಲು.

ಭೀಮರಾಯನನ್ನು ದೇವರು ಮಾಡಬೇಕಾಗಿಲ್ಲ. ಅವನ ಹೋರಾಟದಲ್ಲಿ ಹಳೆಯ ಮನೆತನಗಳ ಸವಲತ್ತಿನ ಪ್ರಶ್ನೆಯೂ ಇತ್ತು. ಇನಾಮು ಉಳಿದರೆ ಅದನ್ನು ಉಳುವ ಕೂಲಿಯವನಿಗೆ ಏನು ಸಿಗ್ತಿತ್ತು ಅಂತ ಕೇಳಲೇಬೇಕು. ಖಜಾನೆ, ಆಯುಧ ಕಾಯುತ್ತಿದ್ದ ಕಾವಲುಗಾರರೂ ನಮ್ಮವರೇ. ಆದರೂ ಒಂದು ವಿಷಯ ನನ್ನನ್ನು ಬಿಡುವುದಿಲ್ಲ. ಕಾನೂನು ಮಾಡುವ ಕಡೆ ಅವನ ಮಾತಿಗೆ ಜಾಗ ಇರಲಿಲ್ಲ, ಕಾನೂನು ತಪ್ಪು ಅನ್ನಲು ಕೋರ್ಟು ಇರಲಿಲ್ಲ, ಕೆಲಸ ಕಳೆದುಕೊಂಡಾಗ ಕೇಳುವವರಿರಲಿಲ್ಲ. ಇಷ್ಟೆಲ್ಲಾ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಕೋಟೆಯ ಬಾಗಿಲೊಂದೇ.

ನಮಗೆ ಆ ಬಾಗಿಲುಗಳಿವೆ. ಮತ ಇದೆ, ಮಾಹಿತಿ ಹಕ್ಕಿನ ಅರ್ಜಿ ಇದೆ, ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದೆ. ಎಷ್ಟೋ ಸಲ ಅವೂ ತಡವಾಗಿ ತೆರೆಯುತ್ತವೆ, ತಟ್ಟುತ್ತಲೇ ಇರಬೇಕು. ಕಾನೂನು ಲಾ ಕಾಲೇಜಿನವರ ಸಬ್ಜೆಕ್ಟು, ನಮಗ್ಯಾಕೆ ಅನ್ನೋ ಮಾತು ನಮ್ಮ ಹಾಸ್ಟೆಲ್ಲಿನಲ್ಲಿ ದಿನಾ ಕೇಳ್ತೀನಿ. ನಾವು ಸೆಮಿಸ್ಟರಿನ ಕೊನೆಯಲ್ಲಿ ಪಾಸಾದರೆ ಸಾಕು ಅಂತ ಓದುವ ಸಂವಿಧಾನದ ಪೇಪರಿನಲ್ಲಿ 226ನೇ ವಿಧಿ, 311ನೇ ವಿಧಿ ಬಂದಾಗ ಒಂದು ನಿಮಿಷ ಮುಂಡರಗಿಯನ್ನು ನೆನಪಿಸಿಕೊಳ್ಳಿ. ರಜೆಯಲ್ಲಿ ಗದಗದಿಂದ ಡಂಬಳ, ಹಮ್ಮಿಗಿ ನೋಡಿಕೊಂಡು ಕೊಪ್ಪಳದ ಕೋಟೆ ಹತ್ತಿ ಬನ್ನಿ. ಒಂದು ದಿನದ ಟ್ರಿಪ್ಪು ಅಷ್ಟೇ. ಭೀಮರಾಯನಿಗೆ ಅದು ಒಂದು ವಾರದ ದಾರಿ, ವಾಪಸ್ ಬರದ ದಾರಿ.