ಮದ್ದು ಅಷ್ಟೇ, ಗುಂಡಿನ ವೇಗ ಯಾಕ ಬ್ಯಾರೆ? ಜೋಕಾಲಿ ಕಟ್ಟಿ ಅಳೆದ ಬೆಂಜಮಿನ್ ರಾಬಿನ್ಸ್

ತುಕ್ಕಾನಟ್ಟಿ: ಮಳೆಗಾಲದಾಗ ಕಡ್ಡಿಪೆಟ್ಟಿಗೆ ಹತ್ತು ಸಲ ಗೀರಿದರೂ ಹತ್ತೂದಿಲ್ಲ. ಅದೇ ಬ್ಯಾಸಿಗ್ಯಾಗ ಒಂದ ಸಲಕ್ಕ ಭಗ್ ಅಂತದ. ಒಲಿ ಮುಂದಿನ ಈ ಮಾತನ್ನು ಬಂದೂಕಿಗೆ ಹಚ್ಚಿ, ಅಳತೆ ಮಾಡಿ, ಲೆಕ್ಕ ಬರೆದಿಟ್ಟವನು ಬೆಂಜಮಿನ್ ರಾಬಿನ್ಸ್. ತೋಪು, ಬಂದೂಕಿನ ಇತಿಹಾಸ ಓದಿದವರಿಗೆ ಇದು ದೊಡ್ಡ ಹೆಸರು. ಜುಲೈ 29 ಆತ ತೀರಿಕೊಂಡ ದಿನ. ಇಂಗ್ಲೆಂಡಿನವನಾದರೂ ಕಣ್ಣು ಮುಚ್ಚಿದ್ದು ನಮ್ಮ ದಕ್ಷಿಣದ ಕಡಲೂರಿನ ಕೋಟೆಯಲ್ಲಿ, 1751ರಲ್ಲಿ.

ಈಗಿನ ಮಾತಿನಿಂದಲೇ ಶುರು ಮಾಡೋಣ. ಪರದೇಶಗಳಲ್ಲಿ ಗುರಿ ಆಟದ ಹವ್ಯಾಸಿಗಳು ರಿವಾಲ್ವರಿನ ತೋಟಾ ತಾವೇ ಕೈಯಿಂದ ತುಂಬಿಕೊಳ್ಳುತ್ತಾರೆ. ತಕ್ಕಡಿಯಲ್ಲಿ ತೂಗಿದ ಮದ್ದು ಒಂದೇ, ಗುಂಡು ಒಂದೇ. ಆದರೂ ವೇಗ ಅಳೆಯುವ ಯಂತ್ರದ ಮುಂದೆ ಹಾರಿಸಿದರೆ ಆರು ತೋಟಾಕ್ಕೆ ಆರು ವೇಗ! ಎಲ್ಲಿ ತಪ್ಪಿತು ಅಂತ ತಲೆ ಕೆರೆದುಕೊಳ್ಳುತ್ತಾರೆ. (ನಮ್ಮಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸೂದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಯಾರೂ ಕೈ ಹಾಕಬ್ಯಾಡ್ರಿ.) ಈ ತಲೆಬಿಸಿ ಇಂದಿನದಲ್ಲ. ಅದಕ್ಕೆ ಮೊದಲು ಸರಿಯಾದ ದಾರಿ ತೋರಿಸಿದವನು ರಾಬಿನ್ಸ್.

ಆತ ಹುಟ್ಟಿದ್ದು 1707ರಲ್ಲಿ, ಇಂಗ್ಲೆಂಡಿನ ಬಾತ್ ಊರಿನಲ್ಲಿ. ಬಡ ಮನೆತನ. ತಂದೆ ತಾಯಿ ಕ್ವೇಕರ್ ಪಂಥದವರು. ಯುದ್ಧವೇ ಬೇಡ ಅನ್ನುವ ಜನ ಅವರು. ಅಂಥ ಮನೆಯ ಮಗ ಬಂದೂಕಿನ ಬೆನ್ನು ಹತ್ತಿದ್ದು ಸೋಜಿಗ ನೋಡ್ರಿ! ಶಾಲೆ ಕಲಿತದ್ದು ಕಮ್ಮಿ, ಗಣಿತ ಮಾತ್ರ ಬಾಯಿಗೆ ಬಂದಿತ್ತು. ಲಂಡನ್ ಸೇರಿ ಇಪ್ಪತ್ತರ ಹರೆಯಕ್ಕೇ, 1727ರಲ್ಲಿ, ರಾಯಲ್ ಸೊಸೈಟಿಯ ಫೆಲೋ ಆದ.

1741ರಲ್ಲಿ ವೂಲಿಚ್‌ನಲ್ಲಿ ತೋಪಖಾನೆಯವರಿಗೆ ಕಲಿಸುವ ಶಾಲೆ ತೆರೆಯಿತು. ಅಲ್ಲಿ ಗಣಿತದ ಮಾಸ್ತರಿಕೆ ತನಗೆ ಸಿಗಬಹುದು ಅಂತ ರಾಬಿನ್ಸ್ ಆಸೆ ಇಟ್ಟಿದ್ದ. ಸಿಗಲಿಲ್ಲ. ಮರುವರ್ಷವೇ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ’ ಪುಸ್ತಕ ಹೊರಬಂತು. ನೌಕರಿ ಸಿಕ್ಕಿದ್ದರೆ ಪಾಠ ಹೇಳುತ್ತ ಕೂಡುತ್ತಿದ್ದನೋ ಏನೋ!

ಅದುವರೆಗೆ ಗುಂಡಿನ ವೇಗ ನೇರವಾಗಿ ಅಳೆಯುವ ಸಾಧನವೇ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯೂದು ಹೆಂಗ? ರಾಬಿನ್ಸ್ ಒಂದು ಜೋಕಾಲಿ ಕಟ್ಟಿದ. ನಾಗರ ಪಂಚಮಿಗೆ ನಾವು ಕಟ್ಟುವಂಥದ್ದೇ ಅನ್ನಿ, ಕೂಡುವ ಹಲಗೆ ಬದಲು ಕಬ್ಬಿಣ ಮತ್ತು ಮರದ ಭಾರ, ಸುಮಾರು 25 ಕೆಜಿ. ಬಂದೂಕಿನ ಗುಂಡು ಸುಮಾರು 38 ಗ್ರಾಂ. ಗುಂಡು ಮರದೊಳಗೆ ಹೊಕ್ಕು ಸಿಕ್ಕಿಕೊಂಡರೆ ಜೋಕಾಲಿ ಹಿಂದಕ್ಕೆ ತೂಗುತ್ತದೆ. ಕೆಳಗೆ ಕಟ್ಟಿದ ರಿಬ್ಬನ್ ಅಷ್ಟು ಉದ್ದ ಹೊರಗೆ ಎಳೆದು ಬರುತ್ತದೆ. ರಿಬ್ಬನ್ ಅಳೆದರೆ ಜೋಕಾಲಿ ಎಷ್ಟು ತೂಗಿತು ಗೊತ್ತಾಯಿತು. ಎರಡರ ಭಾರ ಮೊದಲೇ ಗೊತ್ತು. ಉಳಿದದ್ದು ಲೆಕ್ಕ.

ಇಲ್ಲೇ ನಮ್ಮ ಕಡ್ಡಿಪೆಟ್ಟಿಗೆ ಮಾತು ಬರುವುದು. ಬಿಸಿಲಿಗೆ ಮದ್ದಿನ ಜೋರು ಹೆಚ್ಚಾಗತದೋ ಚಳಿಗೋ ಅಂತ ಆತ ಸುಡುವ ಬೇಸಿಗೆಯಲ್ಲೂ ಹಾರಿಸಿ ನೋಡಿದ, ಚಳಿಗಾಲದಲ್ಲೂ ಹಾರಿಸಿ ನೋಡಿದ. ಹೇಳಿಕೊಳ್ಳುವಂಥ ಫರಕು ಸಿಗಲಿಲ್ಲ. ಫರಕು ಸಿಕ್ಕಿದ್ದು ಹಸಿಯಲ್ಲಿ. ಒಮ್ಮೆ ಸೆಕೆಂಡಿಗೆ 1700 ಅಡಿ ವೇಗ ಕೊಟ್ಟ ಮದ್ದು, ಗಾಳಿಯ ತೇವ ಹೀರಿದ ಮೇಲೆ ಅಷ್ಟೇ ತೂಕ ತುಂಬಿದರೂ 1200, 1300 ಅಡಿಗೆ ಇಳಿಯಿತು. ಮದ್ದು ಅಂದ್ರ ಆಗ ಪೆಟ್ಲುಪ್ಪು, ಗಂಧಕ, ಇದ್ದಿಲು. ಪೆಟ್ಲುಪ್ಪಿನಲ್ಲಿ ಅಡುಗೆ ಉಪ್ಪಿನ ಅಂಶ ಉಳಿದಿದ್ದರೆ ಕೇಳೂದೇ ಬ್ಯಾಡ, ಮಳೆಗಾಲದ ಉಪ್ಪಿನ ಡಬ್ಬಿ ಗತಿ. ಮದ್ದು ಹಸಿಯಾದದ್ದಕ್ಕೆ ಗುರಿ ತಪ್ಪಿತು ಅಂತ ಅದೆಷ್ಟು ಸಿಪಾಯಿಗಳು ಬೈಗುಳ ತಿಂದಿರಬೇಕು ಅನಿಸುತ್ತದೆ.

ಈಗಿನ ರಿವಾಲ್ವರ್ ತೋಟಾದ ಹೊಗೆರಹಿತ ಮದ್ದಿಗೆ ಹಸಿಯ ಕಾಟ ಬಹಳ ಕಮ್ಮಿ. ಆದರೆ ಬೇರೆ ಕಾಟ ಉಂಟು. ಹಳೆ ಕರಿಮದ್ದಿನ ಕಾಲದ ಉದ್ದ ಕವಚದಲ್ಲಿ ಇಂದಿನ ಮದ್ದು ಚೂರೇ ಹಿಡಿಯುತ್ತದೆ, ಉಳಿದದ್ದು ಖಾಲಿ. ಮೂತಿ ಕೆಳಗೆ ಮಾಡಿದರೆ ಮದ್ದು ಮುಂದೆ ಜಾರುತ್ತದೆ, ಮೇಲೆ ಎತ್ತಿದರೆ ಹಿಂದೆ. ಕಿಡಿ ತಾಗುವುದು ಬದಲಾಗಿ ವೇಗವೂ ಬದಲು. ಸಾಲದ್ದಕ್ಕೆ ರಿವಾಲ್ವರಿನ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಸಂದು, ಅದರಲ್ಲಿ ಗಾಳಿ ಸೋರುತ್ತದೆ. ಆರು ಕೋಣೆಗಳೂ ಕೂದಲೆಳೆಯಷ್ಟು ಬೇರೆ ಬೇರೆ. ಕಾರಣ ಹುಡುಕುವ ದಾರಿ ಮಾತ್ರ ರಾಬಿನ್ಸ್‌ನದೇ: ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸು, ಹಲವು ಸಲ ಹಾರಿಸು, ಬರೆದಿಡು.

ಗಾಳಿಯ ತಡೆಯನ್ನೂ ಆತ ಬಿಡಲಿಲ್ಲ. ಗಾಳಿಯ ಲೆಕ್ಕವಿಲ್ಲದ ಹಳೆ ಸೂತ್ರದ ಪ್ರಕಾರ 1700 ಅಡಿ ವೇಗದ ಗುಂಡು 17 ಮೈಲು, ಅಂದರೆ 27 ಕಿಲೋಮೀಟರ್ ಹೋಗಬೇಕು. ನಿಜವಾಗಿ ಹೋಗುವುದು ಒಂದು ಕಿಲೋಮೀಟರೂ ಇಲ್ಲ. ಈ ಕೆಲಸಕ್ಕೆ 1746ರ ಕೋಪ್ಲಿ ಪದಕ ಬಂತು. ಬರ್ಲಿನ್‌ನಲ್ಲಿದ್ದ ಮಹಾ ಗಣಿತಜ್ಞ ಆಯ್ಲರ್ 1745ರಲ್ಲೇ ಪುಸ್ತಕವನ್ನು ಜರ್ಮನ್‌ಗೆ ತಂದು, ದೊಡ್ಡ ಟಿಪ್ಪಣಿ ಸೇರಿಸಿದ್ದ. ಹಿಂದೆ ಇದೇ ಆಯ್ಲರ್‌ನ ಗ್ರಂಥವನ್ನು ರಾಬಿನ್ಸ್ ಕಟುವಾಗಿ ಟೀಕಿಸಿದ್ದ. ಆಯ್ಲರ್ ದೊಡ್ಡ ಮನುಷ್ಯ ಬಿಡ್ರಿ.

ಇನ್ನು ಭಾರತಕ್ಕೆ ಬಂದದ್ದು. 1746ರಲ್ಲಿ ಫ್ರೆಂಚರು ಕಿತ್ತುಕೊಂಡಿದ್ದ ಮದ್ರಾಸು 1749ರಲ್ಲಿ ಇಂಗ್ಲಿಷರಿಗೆ ತಿರುಗಿ ಸಿಕ್ಕಿತು. ಕೋಟೆಗಳು ಹಾಳಾಗಿದ್ದವು. ಈಸ್ಟ್ ಇಂಡಿಯಾ ಕಂಪನಿ ರಾಬಿನ್ಸ್‌ನನ್ನು ಮುಖ್ಯ ಎಂಜಿನಿಯರ್ ಮಾಡಿ ಕಳಿಸಿತು. 1750ರಲ್ಲಿ ಬಂದಿಳಿದ. ಮದ್ರಾಸಿನ ಸೇಂಟ್ ಜಾರ್ಜ್, ಕಡಲೂರಿನ ಸೇಂಟ್ ಡೇವಿಡ್ ಕೋಟೆಗಳಿಗೆ ನಕ್ಷೆ ಹಾಕಲು ಕೂತ. ನಮ್ಮ ಹೈದರ್ ಅಲಿ ಮೈಸೂರು ಸೈನ್ಯದಲ್ಲಿ ಮೇಲೇರುತ್ತಿದ್ದದ್ದು ಇದೇ ಕಾಲ. ಇಂಗ್ಲೆಂಡಿನಲ್ಲಿದ್ದಾಗ ಬಾಣ ಬಿರುಸು ಎಷ್ಟು ಎತ್ತರ ಹಾರತದ ಅಂತಲೂ ಅಳೆದಿದ್ದ ರಾಬಿನ್ಸ್, ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ ನೋಡುವಷ್ಟು ದಿನ ಬದುಕಲಿಲ್ಲ.

ಬಂದ ಕೆಲವೇ ತಿಂಗಳಲ್ಲಿ ಜ್ವರ ಹಿಡಿಯಿತು. ಸ್ವಲ್ಪ ಸುಧಾರಿಸಿ ಮತ್ತೆ ಕೆಲಸಕ್ಕೆ ಕೂತ. ಸಮುದ್ರ ದಂಡೆಯ ಹವೆ ಮೈಗೆ ಒಗ್ಗಲೇ ಇಲ್ಲ. 1751ರ ಜುಲೈ 29ಕ್ಕೆ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡಾಗ 44 ವರ್ಷ. ಕೋಟೆಯ ಕೆಲಸ ಅರ್ಧಕ್ಕೇ ಉಳಿಯಿತು. ಬರೆದದ್ದನ್ನೆಲ್ಲ ಗೆಳೆಯ ಜೇಮ್ಸ್ ವಿಲ್ಸನ್ ಕೂಡಿಸಿ, ಹತ್ತು ವರ್ಷದ ಮೇಲೆ, 1761ರಲ್ಲಿ ಎರಡು ಸಂಪುಟ ಮಾಡಿ ಅಚ್ಚು ಹಾಕಿಸಿದ.