ಸರಳ ಬದುಕಿನ ಸಂತ ಶಿಶುನಾಳ ಶರೀಫ ಸಾಹೇಬರು

ಮನುಷ್ಯನಿಗೆ ಬದುಕಲು ಬೇಕಾದದ್ದು ಸ್ವಲ್ಪ, ಬೇಕು ಎನಿಸುವುದು ಬಹಳ. ಇದ್ದುದರಲ್ಲಿ ತೃಪ್ತಿಪಡುವ ಗುಣಕ್ಕೆ ಉರ್ದುವಿನಲ್ಲಿ ಕನಾಅತ್ ಎನ್ನುತ್ತೇವೆ. ಈ ಗುಣವನ್ನು ಕನ್ನಡ ನೆಲದಲ್ಲಿ ಬದುಕಿ ತೋರಿಸಿದ ಹಿರಿಯರಲ್ಲಿ ಸಂತ ಶಿಶುನಾಳ ಶರೀಫ ಸಾಹೇಬರು ಪ್ರಮುಖರು. ಅವರು ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದರು ಎಂಬುದು ಶಿಕ್ಷಕರಾದ ನಮಗೆ ಹೆಮ್ಮೆಯ ವಿಷಯ.

ಜನನ ಮತ್ತು ವಿದ್ಯಾಭ್ಯಾಸ

ನಮ್ಮ ಹಿರಿಯೂರಿನಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಶಿಗ್ಗಾಂವಿ ಸಿಗುತ್ತದೆ. ಆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ಶಿಶುವಿನಹಾಳ. ಇದೇ ಜನರ ಬಾಯಲ್ಲಿ ಶಿಶುನಾಳ. ಅಲ್ಲಿ 1819ರ ಜುಲೈ 3ರಂದು ಇಮಾಮ್ ಸಾಹೇಬರು ಮತ್ತು ಹಜ್ಜೂಮಾ ದಂಪತಿಗಳಿಗೆ ಮೊಹಮ್ಮದ್ ಶರೀಫರು ಜನಿಸಿದರು. ಬಹುಕಾಲ ಮಕ್ಕಳಿಲ್ಲದ ಈ ದಂಪತಿಗಳು ಹುಲಗೂರಿನ ಖಾದರ್ ಷಾ ವಲಿಯವರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಮಗ ಹುಟ್ಟಿದನೆಂದು ಆ ಭಾಗದ ಜನರು ಇಂದಿಗೂ ಹೇಳುತ್ತಾರೆ.

ಅದು ಪೇಶ್ವೆಯರ ಆಡಳಿತ ಮುಗಿದು ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. ಓದು ಬಲ್ಲವರು ಊರಿಗೆ ಒಬ್ಬಿಬ್ಬರು. ಅಂಥ ದಿನಗಳಲ್ಲಿ ಬಾಲಕ ಶರೀಫರು ಕನ್ನಡವನ್ನೂ ಉರ್ದುವನ್ನೂ ಕಲಿತರು. ಮನೆಯಲ್ಲಿ ದೀನಿನ ಪಾಠ, ಊರಿನಲ್ಲಿ ರಾಮಾಯಣ, ಮಹಾಭಾರತ ಮತ್ತು ಶರಣರ ವಚನಗಳ ಪರಿಚಯ ಎರಡೂ ಆಯಿತು. ಮುಲ್ಕಿ ಪರೀಕ್ಷೆ ಪಾಸು ಮಾಡಿ ಸುತ್ತಮುತ್ತಲ ಹಳ್ಳಿಗಳ ಶಾಲೆಗಳಲ್ಲಿ ಮಾಸ್ತರರಾದರು. ಆ ಕಾಲಕ್ಕೆ ಮುಲ್ಕಿ ಪಾಸಾದವರಿಗೆ ಸಂಬಳ, ಊರಿನ ಗೌರವ, ನೆಮ್ಮದಿಯ ಜೀವನ ಎಲ್ಲವೂ ಕೈಗೆಟಕುವಂತಿದ್ದವು.

ಮಾಸ್ತರಿಕೆ ಬಿಟ್ಟ ಮೇಲೆ

ಕೈಗೆ ಬಂದ ಈ ನೆಮ್ಮದಿಯನ್ನು ಶರೀಫರು ತಾವಾಗಿಯೇ ಬಿಟ್ಟರು. ಅವರ ಮನಸ್ಸು ಬೇರೆ ವಿದ್ಯೆಯನ್ನು ಹುಡುಕುತ್ತಿತ್ತು. ಕಳಸದ ಗೋವಿಂದಭಟ್ಟರು ಅವರಿಗೆ ಗುರುಗಳಾಗಿ ದೊರೆತರು. ಜಾತಿ, ಮಡಿ, ಅಂತಸ್ತು ಯಾವುದನ್ನೂ ಲೆಕ್ಕಿಸದ ಬ್ರಾಹ್ಮಣ ಗುರು ಮತ್ತು ಮುಸ್ಲಿಂ ಶಿಷ್ಯನ ಈ ಜೋಡಿಯನ್ನು ಕಂಡು ಎರಡೂ ಕಡೆಯವರು ಮುನಿಸಿಕೊಂಡರು. ಗುರುಶಿಷ್ಯರು ಮಾತ್ರ ಒಬ್ಬರನ್ನೊಬ್ಬರು ಬಿಡಲಿಲ್ಲ.

ಶರೀಫರು ಕಾಡಿಗೆ ಹೋದವರಲ್ಲ. ಕುಂದಗೋಳದ ಫಾತಿಮಾ ಅವರನ್ನು ಮದುವೆಯಾಗಿ ಸಂಸಾರ ಮಾಡಿದರು. ಒಬ್ಬ ಮಗಳೂ ಹುಟ್ಟಿದಳು. ಆದರೆ ಮಗಳೂ ಉಳಿಯಲಿಲ್ಲ, ಹೆಂಡತಿಯೂ ಉಳಿಯಲಿಲ್ಲ. ಸಂಬಳವನ್ನು ತಾವಾಗಿ ಬಿಟ್ಟಿದ್ದರು, ಇವರನ್ನು ವಿಧಿ ಕಸಿದುಕೊಂಡಿತು. ಮಡದಿ ತೀರಿದ ದುಃಖವನ್ನು ಅವರು ಮುಚ್ಚಿಡದೆ ಪದವಾಗಿ ಹಾಡಿದ್ದಾರೆ. ವೈರಾಗ್ಯವೆಂದರೆ ಕಲ್ಲಾಗುವುದಲ್ಲ ಎಂಬುದಕ್ಕೆ ಆ ಪದವೇ ಸಾಕ್ಷಿ.

ಅವರ ಇಳಿವಯಸ್ಸಿನಲ್ಲಿ, 1876ರಿಂದ 1878ರವರೆಗೆ, ಧಾತು ವರ್ಷದ ಮಹಾಬರ ಬಂತು. ಧಾರವಾಡ ಸೀಮೆಯೂ ನಮ್ಮ ಮೈಸೂರು ಸೀಮೆಯೂ ಆ ಬರದಲ್ಲಿ ಬೆಂದವು. ಒಂದು ಹಿಡಿ ಜೋಳದ ಬೆಲೆ ಏನೆಂದು ಆ ತಲೆಮಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಯ ಸಾಮಾನುಗಳೇ ಪದಗಳಾದವು

ಶರೀಫರ ತತ್ವಪದಗಳನ್ನು ಕೇಳಿದವರಿಗೆ ಒಂದು ಸಂಗತಿ ಕೂಡಲೇ ತಿಳಿಯುತ್ತದೆ. ಅವುಗಳಲ್ಲಿ ಅರಮನೆಯಿಲ್ಲ, ಮುತ್ತುರತ್ನಗಳ ವೈಭವವಿಲ್ಲ. ಮಳೆಗೆ ಸೋರುವ ಮಣ್ಣಿನ ಮಾಳಿಗೆ, ಕೋಳಿ, ಕುದುರೆ, ತಂಬೂರಿ, ಗುಡುಗುಡಿ, ಜಾರಿ ಬೀಳುವ ಮುದುಕಿ, ತವರು ಬಿಟ್ಟು ಹೊರಟ ಮದುಮಗಳು ಇವೇ ಅವರ ಸಂಪತ್ತು.

ಮಾಳಿಗೆ ಸೋರುವ ಕಷ್ಟ ಹಳ್ಳಿಯ ಎಲ್ಲರಿಗೂ ಗೊತ್ತು. ಸೋರುವ ಕಡೆ ಪಾತ್ರೆ ಇಟ್ಟು, ಮಳೆ ನಿಂತ ಮೇಲೆ ಮಣ್ಣು ಹಾಕಿ ಸುಮ್ಮನಾಗುತ್ತೇವೆ. ಶರೀಫರು ಅದೇ ಸೋರುವ ಮನೆಯಲ್ಲಿ ಅಜ್ಞಾನದಿಂದ ಹಾಳಾಗುತ್ತಿರುವ ಮನುಷ್ಯನನ್ನು ಕಂಡರು. ಜನರು ಸೇದಿ ಹೊಗೆ ಬಿಡುವ ಗುಡುಗುಡಿ ಅವರಿಗೆ ಒಳಗಿನ ರೋಗ ಕಳೆದುಕೊಳ್ಳುವ ಸಾಧನೆಯ ಗುರುತಾಯಿತು. ಅಳುತ್ತ ಗಂಡನ ಮನೆಗೆ ಹೊರಟ ಹೆಣ್ಣುಮಗಳಲ್ಲಿ ಈ ಲೋಕ ಬಿಟ್ಟು ಹೋಗಲೇಬೇಕಾದ ಜೀವವನ್ನು ಕಂಡರು. ಮೊಹರಂ ಸಮಯದಲ್ಲಿ ಹಾಡುವ ಕರ್ಬಲಾದ ಪದಗಳನ್ನೂ ಅವರು ಕನ್ನಡದಲ್ಲಿ ಕಟ್ಟಿಕೊಟ್ಟರು.

ಅವರ ತ್ಯಾಗದ ಫಲ ಇದೇ ಎಂದು ನನಗೆ ತೋರುತ್ತದೆ. ಹೆಚ್ಚಿನದರ ಹಿಂದೆ ಓಡುವವನಿಗೆ ಪಕ್ಕದಲ್ಲಿರುವುದು ಕಾಣುವುದಿಲ್ಲ. ಓಟ ನಿಲ್ಲಿಸಿದ ಶರೀಫರಿಗೆ ಅಂಗಳದ ಕೋಳಿಯೂ ಕಂಡಿತು, ಅದರಲ್ಲಿ ಸೋಜಿಗವೂ ಕಂಡಿತು.

1889ರಲ್ಲಿ, ಸುಮಾರು 70ನೆಯ ವಯಸ್ಸಿನಲ್ಲಿ, ಅವರು ಶಿಶುನಾಳದಲ್ಲಿಯೇ ಕಣ್ಮುಚ್ಚಿದರು. ಹಿಂದೂಗಳೂ ಮುಸ್ಲಿಮರೂ ಕೂಡಿ ಅವರ ಅಂತ್ಯಕ್ರಿಯೆ ನಡೆಸಿದರು. ಇಂದಿಗೂ ಅವರ ಗದ್ದುಗೆಗೆ ಎರಡೂ ಸಮಾಜದವರು ಬರುತ್ತಾರೆ. ಅವರು ಆಸ್ತಿ ಮಾಡಿಡಲಿಲ್ಲ, ಮಠ ಕಟ್ಟಲಿಲ್ಲ. ಭಜನೆ ಮೇಳಗಳ ಬಾಯಿಂದ ಬಾಯಿಗೆ ಹರಿದು ಬಂದ ನೂರಾರು ಪದಗಳನ್ನು ಮುಂದೆ ಸಿ. ಅಶ್ವಥ್ ಅವರು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ ನಿರ್ದೇಶನದಲ್ಲಿ ಅವರ ಜೀವನ ಚಲನಚಿತ್ರವೂ ಆಯಿತು.

ನಮಗೆ ಪಾಠ

ವಿದ್ಯಾರ್ಥಿ ಮಿತ್ರರೇ, ಶರೀಫರ ಕಥೆ ಓದಿ ಯಾರೂ ಓದು, ನೌಕರಿ ಬಿಡಬೇಕಾಗಿಲ್ಲ. ಅವರು ಮೊದಲು ಓದಿದರು, ಪರೀಕ್ಷೆ ಪಾಸಾದರು, ಆಮೇಲೆ ಬಿಟ್ಟರು. ಇದ್ದು ಬಿಡುವುದು ಬೇರೆ, ಇಲ್ಲದೆ ಇರುವುದು ಬೇರೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಬಡತನವನ್ನು ಯಾರೂ ಆರಿಸಿಕೊಂಡಿಲ್ಲ. ಬೀಡಿ ಕಟ್ಟುವ ತಾಯಿಗೆ, ಹಮಾಲಿ ಮಾಡುವ ತಂದೆಗೆ ಸರಳತೆಯ ಉಪದೇಶ ಮಾಡುವುದು ನ್ಯಾಯವಲ್ಲ. ಅಂಥ ಮನೆಯ ಮಕ್ಕಳು ಓದಿ ಮುಂದೆ ಬರಲೇಬೇಕು. ನಮ್ಮ ಸಂಸ್ಥೆಗಳು ಇರುವುದೇ ಅದಕ್ಕಾಗಿ.

ಆದರೆ ಎರಡು ಹೊತ್ತಿನ ಊಟಕ್ಕೆ ಚಿಂತೆಯಿಲ್ಲದವರು ಸ್ವಲ್ಪ ಯೋಚಿಸಬೇಕು. ಸಾಲ ಮಾಡಿ ನಡೆಸುವ ಮದುವೆಯ ಆಡಂಬರ, ಕಂತಿನಲ್ಲಿ ಕೊಂಡ ಮೋಟಾರ್ ಸೈಕಲ್, ವರ್ಷಕ್ಕೊಂದು ಹೊಸ ಮೊಬೈಲ್ ಇವು ಇಸ್ರಾಫ್ ಅಲ್ಲದೆ ಮತ್ತೇನು? ಆ ಹಣದಲ್ಲಿ ಒಬ್ಬ ಹುಡುಗಿಯ ಕಾಲೇಜು ಫೀಜು ಕಟ್ಟಬಹುದು.

ಸುಖ ದುಬಾರಿಯದ್ದೇ ಆಗಬೇಕೆಂದಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ, 89 ವರ್ಷಗಳಿಗೆ ಬಂದ ದಿನ ಅದು. ವೇದಾವತಿಯ ನೀರು ಧುಮುಕುವುದನ್ನು ನೋಡಲು ಮುದುಕರು, ಮಕ್ಕಳು, ಎಲ್ಲ ಜಾತಿಯವರು ಬುತ್ತಿ ಕಟ್ಟಿಕೊಂಡು ಬಂದರು. ಬರ ಕಂಡ ಸೀಮೆಯ ಜನರಿಗೆ ಹರಿಯುವ ನೀರೇ ಹಬ್ಬವಾಯಿತು. ಅಂಥ ಸಂತೋಷವನ್ನು ದಿನನಿತ್ಯದ ಸಣ್ಣ ಸಂಗತಿಗಳಲ್ಲಿಯೂ ಕಾಣಬಲ್ಲ ಕಣ್ಣು ಶರೀಫ ಸಾಹೇಬರಿಗಿತ್ತು. ಆ ಕಣ್ಣನ್ನೂ ಕನಾಅತ್‌ನ ದೌಲತ್ತನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.